ಕರೆಂಟ್ ಕೊಡದ ನೆಲ ತಂಪು ಕೊಡಬಲ್ಲದು

ಮಾನ್ಯರೇ,

ಕೇಂದ್ರ ಸರ್ಕಾರ 2025ರಲ್ಲಿ ಭೂಶಾಖ ಶಕ್ತಿ ನೀತಿ ಪ್ರಕಟಿಸಿದ ಮೇಲೆ, ನಮ್ಮ ಭಾಗದಲ್ಲೂ ನೆಲದ ಬಿಸಿಯಿಂದ ಕರೆಂಟ್ ತೆಗೆಯಬಹುದೇ ಎಂದು ಕೇಳುವವರಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅದು ಆಗದ ಮಾತು. ಲಡಾಖಿನ ಪುಗಾ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳು ನೆಲದ ಮೇಲೇ ಕುದಿಯುತ್ತವೆ. ನಮ್ಮ ಕಾಲಡಿ ಇರುವುದು ಯಾವತ್ತೋ ತಣಿದ ಬಂಡೆ. ರಾಜ್ಯದ ಇಂಥದೇ ಪುರಾತನ ಬಂಡೆಯೊಳಗೆ ಕೋಲಾರದ ಚಿನ್ನದ ಗಣಿ 3 ಕಿ.ಮೀ.ಗೂ ಕೆಳಗಿಳಿದಾಗ ಸಿಕ್ಕಿದ್ದು 65 ಡಿಗ್ರಿ ಆಸುಪಾಸಿನ ಬಿಸಿ. ವಿದ್ಯುತ್ ಸ್ಥಾವರಕ್ಕೆ ಅದು ಗಿಟ್ಟದು.

ನಮಗೆ ಬೇಕಾದ ತಂಪು ಮಾತ್ರ ಈ ನೆಲದಲ್ಲೇ ಇದೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 43 ಡಿಗ್ರಿ ಇದ್ದರೂ 10 ಮೀಟರ್ ಕೆಳಗೆ 28-29 ಡಿಗ್ರಿ ದಾಟುವುದಿಲ್ಲ. ಎಸಿ ತನ್ನ ಬಿಸಿಯನ್ನು ಸುಡುವ ಗಾಳಿಗೆ ತಳ್ಳುವ ಬದಲು ಪೈಪಿನ ನೀರಿನ ಮೂಲಕ ಈ ನೆಲಕ್ಕೆ ಬಿಟ್ಟರೆ ಕಂಪ್ರೆಸರ್ ಮೇಲಿನ ಹೊರೆ ಇಳಿಯುತ್ತದೆ. ಸರಿಯಾಗಿ ಮಾಡಿದರೆ ಕಾಲು ಭಾಗದವರೆಗೂ ಕರೆಂಟ್ ಉಳಿಸಬಹುದು. ನಮ್ಮಂಥದೇ ಹಳೆಯ ತಣ್ಣನೆ ಬಂಡೆಯ ಸ್ವೀಡನ್‌ನಲ್ಲಿ ಲಕ್ಷಾಂತರ ಮನೆಗಳು ಇದೇ ಬಗೆಯ ಯಂತ್ರವನ್ನು ಉಲ್ಟಾ ನಡೆಸಿ, ನೆಲದ ಬಿಸಿಯನ್ನು ಒಳಗೆ ತಂದು ಚಳಿಗಾಲದಲ್ಲಿ ಬೆಚ್ಚಗಿರುತ್ತವೆ.

ಲೆಕ್ಕ ಸುಮಾರು ಹೀಗಿದೆ: ಒಂದು ಟನ್ ಎಸಿಗೆ 100 ಮೀಟರ್, ಅಂದರೆ 330 ಅಡಿ ಬೋರ್. ಅದರೊಳಗೆ 32 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಯು ಆಕಾರದಲ್ಲಿ ಇಳಿಯಬೇಕು. ಬೋರಿಂದ ಬೋರಿಗೆ ಕನಿಷ್ಠ 6 ಮೀಟರ್ ಅಂತರವಿರಬೇಕು. ಇಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಪೈಪಿಗೆ ಬರೀ ನೀರು ಸಾಕು. ಇಳಿಸುವ ಮುಂಚೆ ಒಮ್ಮೆ, ಇಳಿಸಿದ ಮೇಲೆ ಇನ್ನೊಮ್ಮೆ ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ನೋಡಲೇಬೇಕು, ಮುಚ್ಚಿದ ಬೋರನ್ನು ರಿಪೇರಿ ಮಾಡಲಾಗದು.

ಕೆಲಸ ಕೆಡುವುದು ಹೆಚ್ಚಾಗಿ ಭರ್ತಿಯಲ್ಲಿ. ಪೈಪಿನ ಸುತ್ತ ಮುರುಮ್ (ಗರಸು ಮಣ್ಣು) ಸುರಿದು ಕೈತೊಳೆದುಕೊಂಡರೆ ನಡುವೆ ಗಾಳಿ ಉಳಿದು ಬಿಸಿ ದಾಟುವುದೇ ಇಲ್ಲ. ಬೆಂಟೋನೈಟ್ (ನೀರಿಗೆ ಉಬ್ಬುವ ಜೇಡಿಮಣ್ಣು), ಸಿಮೆಂಟ್, ಮರಳಿನ ಮಿಶ್ರಣವನ್ನು ತಳದಿಂದ ಮೇಲಕ್ಕೆ ಪಂಪ್ ಮಾಡಬೇಕು. ಶಹಾಬಾದ್, ಸೇಡಂ ಕಡೆಯ ಸುಣ್ಣಕಲ್ಲಿನಲ್ಲಿ ಪೊಳ್ಳು ಸಿಕ್ಕರೆ ಈ ಮಿಶ್ರಣ ಎಷ್ಟು ಹಾಕಿದರೂ ಒಳಗೇ ಮಾಯವಾಗುತ್ತದೆ, ಅಂದಾಜುಪಟ್ಟಿಯಲ್ಲಿ ಅದಕ್ಕೂ ಹಣ ಇಡಬೇಕು. ಯಾದಗಿರಿ, ಸುರಪುರದ ಗ್ರಾನೈಟ್ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಬೀದರಿನ ಒಣ ಜಂಬಿಟ್ಟಿಗೆಗೆ ಆ ಶಕ್ತಿ ಕಡಿಮೆ, ಹಾಗಾಗಿ ಅಲ್ಲಿ ಕೆಳಗಿನ ಕಪ್ಪುಕಲ್ಲಿನವರೆಗೂ ಹೋಗಬೇಕು. ನೌಬಾದ್ ಕಾರೇಜ್, ಅಂದರೆ ಹಳೆಯ ಕಾಲದ ನೆಲದಡಿಯ ನೀರಿನ ಸುರಂಗ ಹಾದುಹೋಗುವ ಜಾಗದಲ್ಲಂತೂ ಬೋರ್ ಯಂತ್ರ ನಿಲ್ಲಿಸಲೇಬಾರದು.

ಎರಡನೆಯ ತೊಂದರೆ ನಿಧಾನವಾಗಿ ಬರುತ್ತದೆ. ಸ್ವೀಡನ್ನಿನವರು ನೆಲದಿಂದ ಬಿಸಿ ತೆಗೆಯುತ್ತಾರೆ, ನಾವು ವರ್ಷದ ಬಹುಪಾಲು ಬಿಸಿ ತುಂಬುತ್ತಲೇ ಇರುತ್ತೇವೆ. ನಾಲ್ಕಾರು ವರ್ಷಕ್ಕೆ ನೆಲವೇ ಕಾದು, ಪೈಪಿನ ನೀರು 40 ಡಿಗ್ರಿ ಮುಟ್ಟಿದರೆ ಲಾಭವೆಲ್ಲ ಹೋಯಿತು. ಅದಕ್ಕೇ ಡಿಸೆಂಬರ್-ಜನವರಿಯ ತಣ್ಣನೆ ರಾತ್ರಿಗಳಲ್ಲಿ ಅದೇ ನೀರನ್ನು ಹೊರಗಿನ ಕೂಲರ್ ಕಾಯಿಲ್‌ನಲ್ಲಿ ಹಾಯಿಸಿ ನೆಲವನ್ನು ತಣಿಸಬೇಕು. ಎಸಿ ಬಿಡುವ ಬಿಸಿಯಿಂದಲೇ ಸ್ನಾನಕ್ಕೆ, ಬಟ್ಟೆ ಒಗೆಯಲಿಕ್ಕೆ ನೀರು ಕಾಯಿಸಬೇಕು. ಹಗಲು ರಾತ್ರಿ ಎಸಿಯೂ ಬೇಕು, ಬಿಸಿನೀರೂ ಬೇಕು ಎನ್ನುವ ಆಸ್ಪತ್ರೆಗೆ ಇದು ಒಪ್ಪುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆಗೇ ಬಾಗಿಲು ಹಾಕುವ ಕಚೇರಿಗಳಿಗೆ ಒಪ್ಪದು. ಒಂದೆರಡು ಕೋಣೆಯ ಮನೆಗೆ ಇಲ್ಲಿನ ಒಣ ಸೆಕೆಯಲ್ಲಿ ನೀರಿನ ಕೂಲರೇ ಅಗ್ಗ.

ಅಂತರ್ಜಲವನ್ನು ಮೇಲೆತ್ತಿ ತಂಪು ತೆಗೆದು ಚೆಲ್ಲುವ ವಿಧಾನಕ್ಕೆ ಯಾರೂ ಒಪ್ಪಬಾರದು. ನೀರು ಪೈಪಿನೊಳಗೇ ಸುತ್ತುವ ಮುಚ್ಚಿದ ವ್ಯವಸ್ಥೆಯಷ್ಟೇ ನಮಗೆ ಸರಿ. ನೀರು ಬಾರದ ಹಳೆಯ ಬೋರ್‌ಗಳನ್ನು ಬಳಸುವ ಆಸೆಯೂ ಬೇಡ, ಕುಸಿದ ಬೋರಿನಲ್ಲಿ ಪೈಪು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮೊದಲು ಒಂದೇ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, 10 ಟನ್‌ನಷ್ಟು ಸಾಮರ್ಥ್ಯಕ್ಕೆ ಇದನ್ನು ಮಾಡಿ ನೋಡಲಿ. ಟೆಂಡರ್ ಕರೆಯುವ ಮುಂಚೆ ಒಂದು ಬೋರ್ ಕೊರೆದು, 48 ಗಂಟೆ ಬಿಸಿನೀರು ಹಾಯಿಸಿ, ನೆಲ ಎಷ್ಟು ಬಿಸಿ ಎಳೆದುಕೊಳ್ಳುತ್ತದೆಂದು ಅಳೆಯಲಿ. ಪೈಪಿಗೆ ಹೋಗುವ, ಬರುವ ನೀರಿನ ಉಷ್ಣಾಂಶ ಮತ್ತು ಮೀಟರಿನ ಯೂನಿಟ್‌ಗಳನ್ನು ಕನಿಷ್ಠ ಮೂರು ಬೇಸಿಗೆ ದಾಖಲಿಸಿ ಸಾರ್ವಜನಿಕರಿಗೆ ತೋರಿಸುವ ಷರತ್ತು ಟೆಂಡರಿನಲ್ಲೇ ಇರಲಿ.

– ಬೋರ್‌ವೆಲ್ ಮತ್ತು ಎಸಿ ಕೆಲಸದ ಕೆಲವು ಎಂಜಿನಿಯರುಗಳು, ಕಲಬುರಗಿ