ಕಾರಿನ ಮಾಡಿಗೂ ದಂಬೆ ಇದೆ ಎಂದು ಯಾರೂ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಆರಿದ್ರಾ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಸಾಗರದಿಂದ ಶಿವಮೊಗ್ಗಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೆವು. ಆನಂದಪುರ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ಹಾಕಿದೆ. ತಲೆಯ ಮೇಲಿನ ಲೈಟಿನ ಸಂದಿಯಿಂದ ಒಂದು ಲೋಟದಷ್ಟು ತಣ್ಣೀರು ಸೀದಾ ನನ್ನ ತೊಡೆಗೆ ಬಿತ್ತು. ಪಕ್ಕದಲ್ಲಿದ್ದ ಹೆಂಡತಿ ಮೊದಲು ಹೆದರಿದಳು, ಆಮೇಲೆ ಶಿವಮೊಗ್ಗದವರೆಗೂ ನಕ್ಕಳು. ಡಾಕ್ಟರ ಮುಂದೆ ಒದ್ದೆ ಪ್ಯಾಂಟಿನಲ್ಲೇ ಕೂತೆ.

ಕಾರು ತಗೊಂಡು ಎರಡು ವರ್ಷ ಆಗಿದೆ. ಸನ್‌ರೂಫ್ ಬೇಕೇ ಬೇಕು ಎಂದವನು ಬೆಂಗಳೂರಿನಲ್ಲಿರುವ ಮಗ. ನಾನು ಅಡಿಕೆ ಬೆಳೆಯುವವನು. ನಾಲ್ಕು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ದುಡ್ಡು ಕೊಟ್ಟು ಮಾಡಿಗೆ ತೂತು ಯಾಕೆ ಮಾಡಿಸಿಕೊಳ್ಳಬೇಕು ಎಂದು ಆಗಲೇ ಕೇಳಿದ್ದೆ. ಶೋರೂಮಿನ ಹುಡುಗ ಬಟನ್ ಒತ್ತಿ ಗಾಜು ಸರಿಸಿ ಆಕಾಶ ತೋರಿಸಿದ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಮುಗಿಯಿತು ವ್ಯಾಪಾರ. (ಮಕ್ಕಳನ್ನು ಅದರಿಂದ ಹೊರಗೆ ತಲೆ ಹಾಕಿಸಿ ನಿಲ್ಲಿಸುವವರ ಬಗ್ಗೆ ಬರೆದರೆ ಇನ್ನೊಂದು ಪತ್ರವೇ ಬೇಕಾಗುತ್ತದೆ, ಬಿಡಿ.)

ಡಾಕ್ಟರ ಕೆಲಸ ಮುಗಿಸಿ ಹಾಗೆಯೇ ಸರ್ವಿಸ್ ಸೆಂಟರಿಗೆ ಹೋದೆ. ಎರಡು ನಿಮಿಷ ಪೈಪಿನಲ್ಲಿ ನೀರು ಹೊಡೆದು ನೋಡಿ, "ಸೋರ್ತಿಲ್ಲ ಸಾರ್, ನೀವೇ ಸರಿಯಾಗಿ ಮುಚ್ಚಿರಲಿಕ್ಕಿಲ್ಲ" ಎಂದರು. ವಾರದೊಳಗೆ ಮತ್ತೆ ಸೋರಿತು. ಎರಡನೇ ಸಲ ಗಾಜಿನ ಸುತ್ತ ಸಿಲಿಕಾನ್ ಗಮ್ ಬಳಿದು 2,800 ರೂಪಾಯಿ ಬಿಲ್ ಮಾಡಿದರು. ಗಾಜು ಅಂಟಿಕೊಂಡಿತು. ಬಟನ್ ಒತ್ತಿದರೆ ಮೋಟಾರು ಗೊರ್ ಎನ್ನುತ್ತಿತ್ತು, ಗಾಜು ಅಲ್ಲಾಡುತ್ತಿರಲಿಲ್ಲ. ನೀರು ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು! ಮೂರನೇ ಸಲ, ಫ್ರೇಮ್ ಸಮೇತ ಇಡೀ ಸನ್‌ರೂಫ್ ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತಕ್ಕೆ ಒಂದು ಒಳ್ಳೆಯ ಹಸು ಬರುತ್ತಿತ್ತು.

ಕಾರಿನ ರೋಗ ಕಂಡುಹಿಡಿದವನು ನಮ್ಮ ತೋಟಕ್ಕೆ ಕಳೆ ಹೊಡೆಯಲು ಬರುವ ಹುಡುಗ. ಹಿಂದೆ ಬೆಂಗಳೂರಿನ ಯಾವುದೋ ಗ್ಯಾರೇಜಿನಲ್ಲಿ ಇದ್ದವನಂತೆ. ಬ್ಲೇಡಿನಿಂದ ಗಮ್ ಬಿಡಿಸಿ ಗಾಜು ಹಿಂದಕ್ಕೆ ಸರಿಸಿದ. "ಅಣ್ಣ, ಒಂದು ಲೋಟ ನೀರು ಕೊಡಿ" ಎಂದ. ಫ್ರೇಮಿನ ಮುಂದಿನ ಮೂಲೆಗಳಲ್ಲಿ ಪೆನ್ಸಿಲ್ ದಪ್ಪದ ಒಂದೊಂದು ತೂತು ಇದೆ. ಬಲಗಡೆಯದಕ್ಕೆ ಸ್ವಲ್ಪ ನೀರು ಹೊಯ್ದ. ಕೆಳಗೆ ಮುಂದಿನ ಚಕ್ರದ ಹಿಂದಿನಿಂದ ತೊಟ್ಟಿಕ್ಕಿತು. ಎಡಗಡೆಗೆ ಹೊಯ್ದ. ನೀರು ಅಲ್ಲೇ ನಿಂತಿತು.

ಅವನು ತಿಳಿಸಿ ಹೇಳಿದ್ದು ಇಷ್ಟು. ಗಾಜಿನ ಸುತ್ತಲಿನ ರಬ್ಬರು ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯಲಿ ಎಂದು ಮಾಡಿಯೂ ಇಲ್ಲ. ಅದನ್ನು ದಾಟಿ ಬಂದ ನೀರು ಒಳಗಿನ ಸಣ್ಣ ಕಾಲುವೆಗೆ ಬಿದ್ದು, ಮೂಲೆಗಳ ಪೈಪುಗಳಿಂದ ಕಂಬದ ಒಳಗೇ ಇಳಿದು ನೆಲ ಸೇರಬೇಕು. ಮುಂದಿನ ಪೈಪುಗಳು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ, ಹಿಂದಿನವು ಡಿಕ್ಕಿಯ ಕಡೆಗೆ. ಪೈಪು ಕಟ್ಟಿತೋ, ಕಾಲುವೆ ತುಂಬಿ ನೀರು ಒಳಗೆ ಚೆಲ್ಲುತ್ತದೆ. ಇದು ನಮ್ಮ ಹೆಂಚಿನ ಮನೆಯ ಮಾಡಿನಂಚಿನಲ್ಲಿ ಮಳೆನೀರು ಹರಿಸುವ ದಂಬೆಯ ಲೆಕ್ಕವೇ. ದಂಬೆಯಲ್ಲಿ ಎಲೆ ಕಟ್ಟಿದರೆ ಜಗಲಿ ಒದ್ದೆಯಾಗುತ್ತದೆ, ಅದಕ್ಕೆ ಯಾರಾದರೂ ಇಡೀ ಮಾಡು ಕಿತ್ತು ಹೊಸದು ಹೊದಿಸುತ್ತಾರಾ?

ಕಳೆ ಹೊಡೆಯುವ ಮೆಷಿನ್ನಿನ ನೈಲಾನ್ ದಾರವನ್ನು ಒಂದು ಮಾರು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಮೊಂಡು ಮಾಡಿ, ನಿಧಾನವಾಗಿ ತಿರುಗಿಸುತ್ತಾ ಇಳಿಸಿದ. ಚಹಾ ಬಣ್ಣದ ನೀರು, ಅದರ ಹಿಂದೆ ಕಪ್ಪು ಕೆಸರು, ಕೊಳೆತ ಸಣ್ಣ ಸಣ್ಣ ಎಲೆಗಳು ಬಂದವು. ನಮ್ಮ ಅಂಗಳದ ಗುಲ್‌ಮೊಹರ್ ಮರದ್ದು. ಹಲಸಿನ ಎಲೆ ಬಿದ್ದರೆ ಕಾರಿನ ಮೇಲೇ ಇರುತ್ತದೆ, ತೆಗೆದು ಎಸೆಯಬಹುದು. ಅಕ್ಕಿ ಕಾಳಿನಷ್ಟಿರುವ ಈ ಎಲೆ ಸೀದಾ ತೂತಿಗೇ ಹೋಗುತ್ತದೆ. ಅಂಗಳ ಬೇರೆ ಇಳಿಜಾರು. ಮೂತಿ ಕೆಳಗಾಗಿ ನಿಲ್ಲಿಸಿದ ಕಾರಿನ ನೀರೆಲ್ಲ ಮುಂದಿನ ಎರಡು ತೂತುಗಳನ್ನೇ ನಂಬಿಕೊಂಡಿರುತ್ತದೆ.

ಕಂಪ್ರೆಸರ್ ಗಾಳಿ ಹೊಡೆಸಿದರೆ ಬೇಗ ಆಗಲ್ವಾ ಎಂದು ಕೇಳಿದೆ. ಬೇಡವೇ ಬೇಡ ಎಂದ. ಜೋರು ಗಾಳಿಗೆ ಒಳಗೆ ಪೈಪು ಜಾಯಿಂಟಿನಲ್ಲಿ ಕಳಚಿಕೊಂಡರೆ ಮಾಡಿನ ಒಳಬಟ್ಟೆಯನ್ನೇ ಇಳಿಸಬೇಕಾಗುತ್ತದಂತೆ. ಅಷ್ಟೂ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ದುಡ್ಡು ತಗೊಳ್ಳಲಿಲ್ಲ, ಊಟ ಮಾಡಿ ಹೋದ.

ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಕಾಲಡಿಯ ಮ್ಯಾಟ್ ತೆಗೆದು ಕಾರ್ಪೆಟ್ ಒತ್ತಿದರೆ ಬಚ್ಚಲ ಹಾಸಿನ ಹಾಗೆ ನೀರು ಒಸರುತ್ತಿತ್ತು. ಅದರ ಕೆಳಗೆ ದಪ್ಪ ಸ್ಪಂಜು, ಅದರ ಪಕ್ಕದಲ್ಲೇ ವೈರುಗಳು. ಅಂಚು ಎತ್ತಿ ಕೆಳಗೆ ಮರದ ತುಂಡು ಕೊಟ್ಟು ಮೂರು ದಿನ ಟೇಬಲ್ ಫ್ಯಾನ್ ಬಿಟ್ಟೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಯೇ ಬಚ್ಚಲ ಒಲೆಯ ಮೇಲೆ ಒಣಗಬೇಕು, ಇನ್ನು ಕಾರು ಎಲ್ಲಿ ಒಣಗೀತು? ಮುಗ್ಗಲು ವಾಸನೆ ಇನ್ನೂ ಹೋಗಿಲ್ಲ.

ಎಲೆ ಕಟ್ಟಿದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಮರ ನನ್ನದು. ನನ್ನ ಸಿಟ್ಟು ಬೇರೆ. ಎರಡು ವರ್ಷದಲ್ಲಿ ಎಲ್ಲ ಸರ್ವಿಸನ್ನೂ ಅದೇ ಜಾಗದಲ್ಲಿ ಮಾಡಿಸಿದ್ದೇನೆ. ಮೇ ತಿಂಗಳಲ್ಲಿ "ಮಳೆಗಾಲದ ಉಚಿತ ತಪಾಸಣೆ" ಎಂದು ಫೋನ್ ಮಾಡಿ ಕರೆದದ್ದೂ ಅವರೇ. ವೈಪರ್, ಟೈರು, ಬ್ರೇಕು, ಬ್ಯಾಟರಿ ಎಲ್ಲಕ್ಕೂ ಟಿಕ್ ಹಾಕಿದ ಕಾಗದ ಈಗಲೂ ನನ್ನ ಹತ್ತಿರ ಇದೆ. ಸನ್‌ರೂಫ್ ಎಂಬ ಪದ ಅದರಲ್ಲಿ ಇಲ್ಲ. ಹೆಂಚು ಕೈಯಾಡಿಸಲು ಬಂದವನು ದಂಬೆ ನೋಡದೆ ಇಳಿದು ಹೋದರೆ ನಮ್ಮೂರಲ್ಲಿ ಅವನನ್ನು ಮತ್ತೆ ಯಾರೂ ಕರೆಯುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕನಿಗೆ ಹೇಳಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಟ್ಟರೆ ಅದನ್ನೂ ಸೇವೆಯ ಕೊರತೆ ಎಂದೇ ಎಣಿಸುತ್ತಾರೆ. ಇವರು ಮುಚ್ಚಿಟ್ಟರೋ ಅಥವಾ ಇವರಿಗೇ ಗೊತ್ತಿರಲಿಲ್ಲವೋ, ನನಗೆ ಇನ್ನೂ ಬಗೆಹರಿದಿಲ್ಲ. ಎರಡರಲ್ಲಿ ಯಾವುದು ಜಾಸ್ತಿ ಕೆಟ್ಟದ್ದು ಎಂಬುದೂ ಬಗೆಹರಿದಿಲ್ಲ. ಆ 2,800 ರೂಪಾಯಿ ವಾಪಸ್ ಕೊಡಿ ಎಂದು ಬರೆದು ಕೊಟ್ಟಿದ್ದೇನೆ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವವನಿದ್ದೇನೆ.

ಕಾರು ಮಾರುವವರಲ್ಲಿ ಒಂದೇ ಕೇಳಿಕೆ. ಆಕಾಶ ತೋರಿಸುವಾಗ ಆ ತೂತುಗಳನ್ನೂ ತೋರಿಸಿ. ಮೃಗಶಿರ ಹುಟ್ಟುವ ಮೊದಲು ತಪಾಸಣೆಗೆ ಕರೆದರೆ ಪ್ರತಿ ಮೂಲೆಗೂ ಒಂದಿಷ್ಟು ನೀರು ಹೊಯ್ದು, ಕೆಳಗೆ ಬಂತಾ ನೋಡಿ. ಆ ಕಾಗದದಲ್ಲಿ ಅದಕ್ಕೂ ಒಂದು ಟಿಕ್ ಹಾಕಲು ಜಾಗ ಬಿಡಿ.

ಮಗ ಫೋನಿನಲ್ಲಿ ಗುಲ್‌ಮೊಹರ್ ಕಡಿಸಿಬಿಡಿ ಎನ್ನುತ್ತಿದ್ದಾನೆ. ಅದನ್ನು ನೆಟ್ಟವರು ನನ್ನ ಅಮ್ಮ. ಕಾರನ್ನೇ ಕೊಟ್ಟಿಗೆಯ ಆಚೆ ಬದಿ ನಿಲ್ಲಿಸುತ್ತಿದ್ದೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ