ಜೈಲೋ, ಡಾಕ್ಟ್ರೋ?

ಮಾನ್ಯರೇ,

ಕಳೆದ ತಿಂಗಳು ಕಾರವಾರದ ಕೋರ್ಟ್ ಹೊರಗೆ ನಮ್ಮ ಕೇರಿಯ ಹುಡುಗನ ಜೊತೆ ನಿಂತಿದ್ದೆ. ಮಾದಕ ವಸ್ತು ಸೇವಿಸಿದ ಕೇಸು. ಅವನಮ್ಮ ಮೀನು ಮಾರಿ ನೇರ ಅಲ್ಲಿಗೇ ಬಂದಿದ್ದರು, ಖಾಲಿ ಬುಟ್ಟಿ ಪಕ್ಕದಲ್ಲೇ ಇತ್ತು. ಹುಡುಗನಿಗೆ ಚಹಾ ಕೊಡಿಸಿದರೆ ಕೈ ನಡುಗಿ ಅರ್ಧ ಅಂಗಿ ಮೇಲೆ. "ತಮಾ, ಇವ್ನಿಗೆ ಬೇಕಾದ್ದು ಜೈಲೋ, ಡಾಕ್ಟ್ರೋ?" ಅಂದರು.

ಅಮೆರಿಕದ ಮಯಾಮಿಯಲ್ಲಿ 1989ರಲ್ಲೇ ಇದಕ್ಕೆಂದು ಬೇರೆ ಕೋರ್ಟ್ ಶುರುವಾಯಿತು. ಚಿಕಿತ್ಸೆಗೆ ಒಪ್ಪಬೇಕು, ಆಗಾಗ ಮೂತ್ರ ಪರೀಕ್ಷೆ, ಮತ್ತೆ ಮತ್ತೆ ಜಡ್ಜ್ ಮುಂದೆ ಹಾಜರಿ. ಸುಮ್ನೆ ಬಿಟ್ಟು ಕಳಿಸುವುದಲ್ಲ.

ನಮ್ಮಲ್ಲಿ ಅಂಥ ಕೋರ್ಟ್ ಇಲ್ಲದಿದ್ದರೂ ಮಾದಕ ವಸ್ತು ತಡೆಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ ದಾರಿ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ತಪ್ಪು ಸಾಬೀತಾದ ವ್ಯಸನಿಯನ್ನು, ಅವನು ಒಪ್ಪಿದರೆ, ಜೈಲಿನ ಬದಲು ಚಿಕಿತ್ಸೆಗೆ ಕಳಿಸಲು 39ನೇ ಸೆಕ್ಷನ್ ಕೋರ್ಟಿಗೆ ಅಧಿಕಾರ ಕೊಟ್ಟಿದೆ. ಬಾಂಡ್ ಬರೆದುಕೊಟ್ಟು, ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು. ತಾನಾಗಿಯೇ ಚಿಕಿತ್ಸೆಗೆ ಮುಂದಾದ ವ್ಯಸನಿಗಳಿಗೆ ಇಂಥ ಕೇಸಿನಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಇದೆ. ಆ ಅಮ್ಮನಿಗೆ ಇದೇನೂ ಗೊತ್ತಿರಲಿಲ್ಲ. ನನಗೂ ವಕೀಲರೊಬ್ಬರು ಹೇಳಿದ ಮೇಲೇ ಗೊತ್ತಾಗಿದ್ದು!

ಮಾರುವವರ ಮಾತು ಬೇರೆ, ಅವರಿಗೆ ಕನಿಕರ ಬೇಡ.

ಕೋರ್ಟ್ ಆವರಣದಲ್ಲಿ ಕನ್ನಡ, ಕೊಂಕಣಿಯಲ್ಲಿ ಒಂದು ಬೋರ್ಡ್ ಹಾಕಲು ಜಾಸ್ತಿ ಖರ್ಚಿಲ್ಲ, ಅಲ್ವಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದನ್ನು ಮಾಡಲಿ. ಚಿಕಿತ್ಸೆಯೂ ತಾಲೂಕು ಆಸ್ಪತ್ರೆಯಲ್ಲೇ ಸಿಗಲಿ. ಭಟ್ಕಳದವರು, ಜೋಯಿಡಾದವರು ಪ್ರತಿಸಲ ಕಾರವಾರಕ್ಕೆ ಬಂದರೆ ಒಂದು ದಿನದ ಕೂಲಿ ಹೋದಂತೆಯೇ.

– ಓದುಗ, ಕಾರವಾರ