ನಾವು ಕಟ್ಟಿದ್ದು 140 ಪೌಂಡ್, ನೀವು ಕಸ್ಟಮ್ಸ್‌ಗೆ ತೋರಿಸಿದ್ದು 240

ಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು,
ಅಂತರರಾಷ್ಟ್ರೀಯ ಕೊರಿಯರ್ ಸೇವೆ, ಬೆಂಗಳೂರು

ವಿಷಯ: ಪಾರ್ಸೆಲ್ ಬೆಲೆ ತಪ್ಪಾಗಿ ತೋರಿಸಿ ಜಾಸ್ತಿ ಸುಂಕ ವಸೂಲಿ ಮಾಡಿರುವ ಬಗ್ಗೆ

ಮಾನ್ಯರೇ,

ಲಂಡನ್ನಿನ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ ಎರಡು ಹೂಡಿಗಳು (ತಲೆಗೆ ಟೋಪಿ ಇರುವ ದಪ್ಪ ಮೇಲಂಗಿ) ಕಳೆದ ವಾರ ನಿಮ್ಮ ಮೂಲಕ ಬಸವನಗುಡಿಯ ನಮ್ಮ ಮನೆಗೆ ಬಂದವು. ಬಟ್ಟೆ ಚೆನ್ನಾಗಿದೆ, ಡಬ್ಬವೂ ಎಲ್ಲೂ ಜಜ್ಜಿಲ್ಲ. ನನ್ನ ದೂರು ನೀವು ಕಸ್ಟಮ್ಸ್‌ಗೆ ಬರೆದುಕೊಟ್ಟ ಬೆಲೆಯ ಬಗ್ಗೆ.

ಈ ಹೂಡಿ ಒಂದಕ್ಕೆ ಅಲ್ಲಿನ ಬೆಲೆ 120 ಪೌಂಡ್. ಬ್ರಿಟನ್ನಿನಲ್ಲಿ ದೊಡ್ಡವರ ಬಟ್ಟೆಯ ಬೆಲೆಯೊಳಗೇ ಶೇ 20 ವ್ಯಾಟ್ ಸೇರಿರುತ್ತದೆ. ದೇಶದಿಂದ ಹೊರಗೆ ಹೋಗುವ ಮಾಲಿಗೆ ಆ ತೆರಿಗೆ ಇಲ್ಲ. ಆದರೆ ಎಲ್ಲ ಅಂಗಡಿಯವರೂ ಅದನ್ನು ಕಳೆದು ಕೊಡುವುದಿಲ್ಲ. ಕಳೆದು ಕೊಡುವವರನ್ನೇ ಹುಡುಕಿದೆ, ಬೆಲೆ 100ಕ್ಕೆ ಇಳಿಯಿತು. ಸೀಸನ್ ಮುಗಿದು ಶೇ 30 ರಿಯಾಯಿತಿ ಬರುವವರೆಗೆ ಕಾದೆ, 70 ಆಯಿತು. ತಮ್ಮನಿಗೂ ಒಂದು ಸೇರಿಸಿ ಒಟ್ಟಿಗೆ ತರಿಸಿದೆ, ಸಾಗಣೆ ಖರ್ಚು ಇಬ್ಬರಿಗೂ ಹಂಚಿಹೋಗಲಿ ಅಂತ. ಇಂಥ ಬಟ್ಟೆ ಇಷ್ಟಪಡುವ, ಸಂಬಳ ನೋಡಿ ಖರ್ಚು ಮಾಡುವ ಹುಡುಗರೆಲ್ಲ ಹೀಗೇ ಕೊಳ್ಳುವುದು. ಸುಂಕ ಕಟ್ಟಬೇಕು ಅನ್ನುವುದೂ ನಮ್ಮ ಲೆಕ್ಕದಲ್ಲಿ ಇರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ.

ನಿಮ್ಮ ಹುಡುಗ ಬಾಗಿಲಲ್ಲಿ ಕೊಟ್ಟ ರಸೀದಿಯಲ್ಲಿ ಸುಂಕ ನಾನು ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಜಾಸ್ತಿ ಇತ್ತು. ಅವನನ್ನು ಕೇಳಿ ಪ್ರಯೋಜನವಿಲ್ಲ, ಪಾಪ, ಅವನು ತಲುಪಿಸುವವನಷ್ಟೇ. ದುಡ್ಡು ಕಟ್ಟಿ, ಆಮೇಲೆ ನಿಮ್ಮ ಕಚೇರಿಯಿಂದ ಬಿಲ್ ಆಫ್ ಎಂಟ್ರಿ, ಅಂದರೆ ಮಾಲಿನ ವಿವರ, ಬೆಲೆ ಬರೆದು ಕಸ್ಟಮ್ಸ್‌ಗೆ ಸಲ್ಲಿಸುವ ಕಾಗದದ ಪ್ರತಿ ತರಿಸಿಕೊಂಡೆ. ಅದರಲ್ಲಿ ಹೀಗಿದೆ: ಹತ್ತಿ ಹೂಡಿ, 2 ಪೀಸ್, ತಲಾ 120 ಪೌಂಡ್. ಡಬ್ಬದ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಕವರಿನಲ್ಲೇ ಅಂಗಡಿಯ ಇನ್‌ವಾಯ್ಸ್ ಇತ್ತು. ಮೊದಲ ಸಾಲಿನಲ್ಲಿ 120, ಅದರ ಕೆಳಗೆ ವ್ಯಾಟ್ ಕಳೆದಿದ್ದು, ರಿಯಾಯಿತಿ ಕಳೆದಿದ್ದು, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಎರಡಕ್ಕೂ ಸೇರಿ 140. ನಿಮ್ಮವರು ಮೊದಲ ಸಾಲು ನೋಡಿ ಬರೆದಿದ್ದಾರೆ, ಕೆಳಗೆ ಕಣ್ಣು ಹಾಯಿಸಿಲ್ಲ. ನಾವು ಕೊಡದೇ ಇರುವ 100 ಪೌಂಡ್‌ಗೂ ಸುಂಕ ಬಿತ್ತು. ಅದರ ಮೇಲೆ ಐಜಿಎಸ್‌ಟಿ (ಹೊರದೇಶದ ಮಾಲಿಗೂ ಬೀಳುವ ಜಿಎಸ್‌ಟಿ) ಬೇರೆ. ಇಷ್ಟು ಹುಡುಕಿ, ಕಾದು ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಫೋನ್ ಮಾಡಿದರೆ 'ಸುಂಕ ಹಾಕೋದು ಕಸ್ಟಮ್ಸ್‌ನವರು, ನಮಗೆ ಸಂಬಂಧ ಇಲ್ಲ' ಅನ್ನುತ್ತಾರೆ. ಬೆಲೆ ಬರೆದುಕೊಟ್ಟವರು ನೀವು ಅಲ್ವಾ? ನನ್ನ ಆಧಾರ್ ಪ್ರತಿ ಪಡೆದು, ನನ್ನ ಪರವಾಗಿ ಆ ಕಾಗದ ಸಲ್ಲಿಸಿದ್ದು ನಿಮ್ಮ ಸಂಸ್ಥೆ. 1962ರ ಕಸ್ಟಮ್ಸ್ ಕಾಯ್ದೆಯ 14ನೇ ಕಲಂ ಪ್ರಕಾರ ಸುಂಕಕ್ಕೆ ಆಧಾರ ಕೊಂಡವರು ನಿಜವಾಗಿ ಕೊಟ್ಟ ಬೆಲೆ, ಅಂಗಡಿಯ ಪಟ್ಟಿ ಬೆಲೆಯಲ್ಲ. ಸಾಗಣೆ ಖರ್ಚು ಅದಕ್ಕೆ ಸೇರುತ್ತದೆ, ಒಪ್ಪುತ್ತೇನೆ. ಇನ್‌ವಾಯ್ಸ್‌ನಲ್ಲೇ ಕಳೆದಿರುವ ವ್ಯಾಟ್ ಮತ್ತು ರಿಯಾಯಿತಿ ಯಾಕೆ ಸೇರಬೇಕು?

ಇನ್ನೊಂದು ವಿಷಯ. ರಸೀದಿಯಲ್ಲಿ ಸುಂಕದ ಜೊತೆ 'ಮುಂಗಡ ಪಾವತಿ ಶುಲ್ಕ' ಅಂತ ಒಂದು ಸಾಲಿದೆ. ನನ್ನ ಪರವಾಗಿ ಮೊದಲೇ ಸುಂಕ ಕಟ್ಟಿದ್ದಕ್ಕೆ ನೀವು ಹಾಕುವ ದರ ಅದು. ಆಧಾರ್ ಕೇಳಿ ಕಳಿಸಿದ ಮೆಸೇಜಿನಲ್ಲೇ ಇದನ್ನೂ ಹೇಳಬಹುದಿತ್ತು. ಹೇಳಿದ್ದರೆ ಸುಂಕವನ್ನು ನಾನೇ ಮೊದಲು ಕಟ್ಟಲು ದಾರಿ ಇದೆಯಾ ಅಂತ ಕೇಳುತ್ತಿದ್ದೆ.

ಆದ್ದರಿಂದ ಬಿಲ್ ಆಫ್ ಎಂಟ್ರಿಯಲ್ಲಿ ಬೆಲೆ ತಿದ್ದಿಸಲು ನೀವೇ ಅರ್ಜಿ ಹಾಕಿ. ಜಾಸ್ತಿ ಕಟ್ಟಿದ ಸುಂಕ ವಾಪಸ್ ಕೇಳಲು ಅದೇ ಕಸ್ಟಮ್ಸ್ ಕಾಯ್ದೆಯ 27ನೇ ಕಲಂನಲ್ಲಿ ಒಂದು ವರ್ಷದ ಗಡುವಿದೆ, ಆ ಅರ್ಜಿಯೂ ನಿಮ್ಮಿಂದಲೇ ಹೋಗಬೇಕು. ಮೊದಲೇ ತಿಳಿಸದೆ ಹಾಕಿದ ಶುಲ್ಕವನ್ನು ಈಗಲೇ ಹಿಂದಿರುಗಿಸಿ. ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 140 ಪೌಂಡ್ ಮತ್ತು ಸಾಗಣೆ ಖರ್ಚು ಕಡಿತವಾದ ಸಾಲು, ನಿಮ್ಮ ರಸೀದಿ, ಡಬ್ಬದ ಫೋಟೊ ಇದರ ಜೊತೆ ಇಟ್ಟಿದ್ದೇನೆ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಬಸವನಗುಡಿ, ಬೆಂಗಳೂರು